ಹೆಗಲ ಮೇಲಿನ ಟವೆಲ್

"ಗುರುಗಳೇ, ಶಿಷ್ಯನ ಶಕ್ತಿ ಎಷ್ಟೆಂಬುದು ಶಿಷ್ಯನಿಗಿಂತ ಗುರುವಿಗೇ ಹೆಚ್ಚು ಗೊತ್ತಿರುತ್ತದೆ, ಅಲ್ಲವೇ?" ಎಂದು ಶಿಷ್ಯ ಕೇಳಿದ.

ಕೇಳಿದವನು ಹಿರಿಯ ಶಿಷ್ಯ. ಕಾವ್ಯವನ್ನು ರಾಗವಾಗಿ ಓದುವುದನ್ನು ಮಠದ ಕಿರಿಯರಿಗೆ ಕಲಿಸುವವನು ಅವನೇ. ಅವನ ಕೈಯಲ್ಲಿ ಪಳಗಿದ ಕಿರಿಯನೊಬ್ಬ ಮರುದಿನದ ಸಭೆಯಲ್ಲಿ ಓದಬೇಕಿತ್ತು. ಆ ಬೆಳಿಗ್ಗೆ ಹಿರಿಯ ಅವನನ್ನು ಕರೆದು, "ನಿನ್ನ ಗಂಟಲು ದಣಿದಿದೆ, ನಾಳೆ ನಾನೇ ಓದುತ್ತೇನೆ" ಎಂದಿದ್ದ. ಕಿರಿಯ ಮುಖ ಸಪ್ಪೆ ಮಾಡಿಕೊಂಡು ಹೋಗಿದ್ದ.

ಅದಕ್ಕೆ ಗುರುಗಳು ಒಂದು ಕತೆ ಹೇಳಿದರು.

ಸರ್ಬಿಯಾ ಎಂಬ ದೇಶ. ಅಲ್ಲಿ ನದಿ ದಂಡೆಯ ಒಂದು ಊರು. ನಮ್ಮಲ್ಲಿ ಓಣಿ ಓಣಿಯಲ್ಲಿ ಕ್ರಿಕೆಟ್ ಆಡುವಂತೆ ಅಲ್ಲಿಯವರು ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ. ಆ ಊರಿನಲ್ಲಿ ಒಬ್ಬ ಆಟಗಾರನಿದ್ದ. ಆ ಕಡೆಯ ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ. ಆಟಗಾರ ಎಂದರೆ ಸಾಕು.

ಅವನಿಗಿನ್ನೂ ಮೀಸೆ ಮೂಡುತ್ತಿದ್ದ ವಯಸ್ಸಿನಲ್ಲಿ ಅವನ ಕ್ಲಬ್ಬು ಫೈನಲ್ ಮುಟ್ಟಿತು. ಅಂದು ಅವನು ಎಸೆದ ಚೆಂಡೆಲ್ಲ ಬುಟ್ಟಿಗೆ ಬೀಳುತ್ತಿತ್ತು. ಆಟ ಮುಗಿಯುವ ಹೊತ್ತಿಗೆ ಸರಿಯಾಗಿ ಮುದಿ ಕೋಚ್ ಅವನನ್ನು ಹೊರಗೆ ಕರೆದ. ತನ್ನ ಟವೆಲ್ಲನ್ನು ಅವನ ಹೆಗಲಿಗೆ ಹೊದಿಸಿದ. "ನಿನ್ನ ಕಾಲು ದಣಿದಿವೆ ಮಗು, ಕೂತುಕೋ" ಎಂದ. ಕೋಚ್ ಟವೆಲ್ ಹೊದಿಸಿದ ಮೇಲೆ ಆಟಗಾರ ಮತ್ತೆ ಏಳುವಂತಿಲ್ಲ. ಅದು ಆ ಕ್ಲಬ್ಬಿನ ಪದ್ಧತಿ. ತಂಡ ಒಂದೇ ಅಂಕದಿಂದ ಸೋತಿತು.

ಆಟಗಾರ ಬಿಕ್ಕಿ ಬಿಕ್ಕಿ ಅತ್ತ. ಆದರೆ ಕೋಚ್‌ನನ್ನು ಶಂಕಿಸಲಿಲ್ಲ. ನನಗೆ ತಿಳಿಯದ ದಣಿವು ಅವರ ಕಣ್ಣಿಗೆ ಬಿದ್ದಿದೆ ಎಂದು ನಂಬಿದ. ಮುಂದೆ ಗ್ರೀಸಿನಲ್ಲಿ ಆಡಿದ, ಇಟಲಿಯಲ್ಲಿ ಆಡಿದ, ತನ್ನ ದೇಶದ ಅಂಗಿಯನ್ನೂ ತೊಟ್ಟ. ಕಡೆಗೊಂದು ದಿನ ಮೊಣಕಾಲು ಕೈಕೊಟ್ಟಿತು. ಊರಿಗೆ ಮರಳಿ ಅದೇ ಕ್ಲಬ್ಬಿಗೆ ಕೋಚ್ ಆದ. ಹೊಸಬರು ಬಂದಾಗಲೆಲ್ಲ ಅವರನ್ನು ಕೂರಿಸಿಕೊಂಡು ಟವೆಲ್ಲಿನ ಕತೆ ಹೇಳುತ್ತಿದ್ದ. ಆಟಗಾರ ಚೆಂಡನ್ನು ನೋಡುತ್ತಾನೆ, ಕೋಚ್ ಆಟಗಾರನನ್ನು ನೋಡುತ್ತಾನೆ ಎನ್ನುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು.

ಹಾಗೆ ಬಂದವರಲ್ಲಿ ಒಬ್ಬ ಯುವಕನಿದ್ದ. ಅವನಿಗೆ ಚೆಂಡು ಹಿಡಿಯುವುದನ್ನೂ ಕೋಚ್ ತಾನೇ ಕಲಿಸಿದ. ನೋಡನೋಡುತ್ತ ಯುವಕ ಇವನನ್ನೂ ಮೀರಿ ಬೆಳೆದ. ಮೊದಮೊದಲು ಕೋಚ್ ಹಿಗ್ಗಿದ. ಆಮೇಲೆ ಹಿಗ್ಗು ಹುಳಿಯಾಯಿತು. ಹಿಂದೆ ಜನ ಇವನ ಹೆಸರಿನಲ್ಲಿ ಒಂದು ಹಾಡು ಕಟ್ಟಿದ್ದರು. ಈಗ ಧಾಟಿ ಅದೇ ಇತ್ತು, ಹೆಸರು ಬದಲಾಗಿತ್ತು. ಬೇಕರಿಯ ಮುದುಕಿ ಬೆಳಿಗ್ಗೆ ಒಲೆಯಿಂದ ಇಳಿಸಿದ ಮೊದಲ ರೊಟ್ಟಿಯನ್ನು ಇವನಿಗೆಂದೇ ಎತ್ತಿಡುತ್ತಿದ್ದಳು. ಒಂದು ದಿನ ಇವನು ಕೈಚಾಚಿದಾಗ, "ಅದು ನಿಮ್ಮ ಹುಡುಗನಿಗೆ, ನೀವು ಇದನ್ನು ತಗೊಳ್ಳಿ" ಎಂದು ಎರಡನೆಯದನ್ನು ಕೊಟ್ಟಳು. ಅದೂ ಬಿಸಿಯಾಗಿಯೇ ಇತ್ತು. ಆದರೂ ಅವನು ಅದನ್ನು ತಿನ್ನದೆ ಅಲ್ಲೇ ಬಿಟ್ಟು ಹೊರಟ.

ಹೊಟ್ಟೆಕಿಚ್ಚು ಎಂದರೆ ಅದೇ, ಬೇರೆ ಹೆಸರು ಬೇಡ. ಯುವಕ ಎದುರಿಗೆ ಬಂದರೆ ಬೆನ್ನು ತಟ್ಟುತ್ತಿದ್ದ. ಅವನು ಅತ್ತ ಹೋದರೆ ಇವನ ಮೈ ಉರಿಯುತ್ತಿತ್ತು. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ.

ಬಹಳ ವರ್ಷಗಳ ಮೇಲೆ ಕ್ಲಬ್ಬು ಮತ್ತೆ ಫೈನಲ್ ಮುಟ್ಟಿತು. ಗೆದ್ದರೆ ಆ ಊರಿಗೆ ಮೊಟ್ಟಮೊದಲ ಕಪ್. ಯುವಕ ಅಂದು ಆಡಿದ್ದೇ ಆಟ. ಜನ ಎದ್ದು ನಿಂತು ಹಾಡುತ್ತಿದ್ದರು. ತನ್ನ ಕೈಗೆ ಎಂದೂ ಸಿಗದ ಕಪ್ ಈ ಹುಡುಗನ ಕೈಗೆ ಸಿಗುತ್ತದಲ್ಲ ಎಂದು ಕೋಚಿಗೆ ಅನ್ನಿಸಿತು. ಆ ಸಂಕಟವನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಯುವಕನನ್ನು ಹೊರಗೆ ಕರೆದ. ಟವೆಲ್ ಹೊದಿಸಿದ.

"ನಿನ್ನ ಕಾಲು ದಣಿದಿವೆ ಮಗು, ಕೂತುಕೋ" ಎಂದ.

"ಇಲ್ಲ ಕೋಚ್, ದಣಿದಿಲ್ಲ."

"ಅದು ನಿನಗೆ ತಿಳಿಯುವುದಿಲ್ಲ. ನನಗೆ ಕಾಣುತ್ತದೆ."

ಯುವಕ ಕೂತ. ತಂಡ ಒಂದೇ ಅಂಕದಿಂದ ಸೋತಿತು.

ಆಟ ಮುಗಿದ ಮೇಲೆ ಯುವಕ ಅತ್ತ ಕಣ್ಣಿನಲ್ಲೇ ಬಂದು ಟವೆಲ್ಲನ್ನು ಮಡಿಸಿ ಕೋಚ್‌ನ ಕೈಗೆ ಕೊಟ್ಟ. "ನಾನು ಎದುರಾಡಬಾರದಿತ್ತು. ನನಗೆ ತಿಳಿಯದ್ದು ನಿಮಗೆ ಕಂಡಿದೆ" ಎಂದ. ಸುಳ್ಳಿಗೆ ಹೇಳಿದ್ದಲ್ಲ, ನಂಬಿಯೇ ಹೇಳಿದ. ಹೇಳಿ, ಹೊರಗಿನ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಹತ್ತಿಹೋದ.

ಕೋಚ್ ಆ ಕಾಲುಗಳನ್ನೇ ನೋಡುತ್ತ ನಿಂತ. ಆಗ ಅವನಿಗೆ ತನ್ನ ಕಾಲುಗಳ ನೆನಪಾಯಿತು. ತಾನು ಸೋತ ಆ ಸಂಜೆ ತಾನೂ ಇದೇ ಮೆಟ್ಟಿಲುಗಳನ್ನು ಹೀಗೆಯೇ ಹಾರಿ ಹತ್ತಿದ್ದ. ಅಂದು ತನಗೆ ದಣಿವೇ ಇರಲಿಲ್ಲ. ಮುದಿ ಕೋಚಿಗೆ ಕಂಡದ್ದು ದಣಿವಲ್ಲ. ಇಷ್ಟು ವರ್ಷ ಆ ಮನುಷ್ಯನ ಹೊಟ್ಟೆಕಿಚ್ಚನ್ನು ತಾನು ಪಾಠವೆಂದು ಮಕ್ಕಳಿಗೆಲ್ಲ ಹಂಚಿದ್ದ ಎಂಬುದು ಅವನಿಗೆ ಆಗ ತಿಳಿಯಿತು. ಕೈಯಲ್ಲಿದ್ದ ಟವೆಲ್ಲನ್ನು ಎಲ್ಲಿಡಬೇಕೆಂದು ತೋಚಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಯುವಕನನ್ನು ಕರೆದು ನಿಜ ಹೇಳಿದನೇ?" ಎಂದು ಶಿಷ್ಯ ಕೇಳಿದ.

"ಬಾಯಿ ಬರಲಿಲ್ಲ. ಆ ಯುವಕ ಈಗ ಇನ್ನೊಂದು ಊರಿನಲ್ಲಿ ಕೋಚ್ ಆಗಿದ್ದಾನೆ. ತನ್ನ ಹುಡುಗರಿಗೆ ಟವೆಲ್ಲಿನ ಕತೆ ಹೇಳುತ್ತಾನಂತೆ."

"ಅಯ್ಯೋ ಪಾಪ, ಇನ್ನು ಆ ಹುಡುಗರ ಗತಿ!" ಎಂದು ಶಿಷ್ಯ ಮರುಗಿದ.

"ಅವರ ಚಿಂತೆ ಇರಲಿ, ನಾಳೆ ಓದಬೇಕಿದ್ದ ನಮ್ಮ ಹುಡುಗನ ಗಂಟಲು ನಿಜಕ್ಕೂ ದಣಿದಿದೆಯೇ?" ಎಂದರು ಗುರುಗಳು.