ಹೊಮ್ಮಿಸಾಲಿನ ಕಲ್ಲುಗಳು

ಅಳಿವೆಯ ದಡದ ನಮ್ಮೂರು ಹೊಮ್ಮಿಸಾಲಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಮೊಣಕಾಲೆತ್ತರದ ಚಿರೆಕಲ್ಲುಗಳ ಸಾಲು. ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಮಗ್ಗುಲಲ್ಲಿ ಅದು ಡೊಂಕುಡೊಂಕಾಗಿ ಸಾಗುತ್ತದೆ. ಕುಡಿದವನು ಹಾಕಿದ ಬೇಲಿ ಎಂದು ಪರವೂರಿನವರು ನಗುವುದುಂಟು. ನಗಲಿ. ಇಷ್ಟು ನೆಟ್ಟಗಿನ ಕೆಲಸ ಈ ಕರಾವಳಿಯಲ್ಲಿ ಇನ್ನೊಂದಿಲ್ಲವೆಂದು ನಮ್ಮ ಹಿರಿಯರು ಎದೆಯುಬ್ಬಿಸಿ ಹೇಳುತ್ತಿದ್ದರು, ನಾನೂ ಹೇಳುತ್ತೇನೆ.

ಹಿಂದೆ ಒಮ್ಮೆ ಇಲ್ಲಿನ ಮನೆಗಳು ಗದ್ದೆಗೆ ತಾಗಿಕೊಂಡೇ ಇದ್ದವಂತೆ. ಉಪ್ಪುನೀರು ತಡೆಯಲು ಮಣ್ಣಿನ ಕಟ್ಟೆ, ಬೇಕಾದಾಗ ನೀರು ಬಿಡಲು ಅದರಲ್ಲೊಂದು ಮರದ ಬಾಗಿಲು. ಕಟ್ಟೆ ಇದೆಯಲ್ಲ ಎಂಬ ಧೈರ್ಯದಲ್ಲಿ ಜನ ವರ್ಷವರ್ಷಕ್ಕೂ ತಗ್ಗಿಗೆ ಇಳಿದು ಮನೆ ಕಟ್ಟಿದರು. ಉಬ್ಬರದ ಹೊತ್ತಿಗೆ ಕಟ್ಟೆಯಾಚೆಯ ನೀರು ತಮ್ಮ ಒಲೆಗಿಂತ ಎತ್ತರದಲ್ಲಿ ನಿಲ್ಲುತ್ತದೆಂಬುದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಚಿಪ್ಪು ಸುಟ್ಟು ಸುಣ್ಣ ಮಾಡುವ ಹೊಮ್ಮಿಗೆ. ಗಂಡ ತೀರಿದ ಮೇಲೆ ಹತ್ತು ವರ್ಷ ಚಿಪ್ಪು ಹೊತ್ತು, ಆಗಷ್ಟೇ ಒಂದು ಮನೆ ಕಟ್ಟಿಕೊಂಡಿದ್ದಳು. ಚಿಪ್ಪು ಆಯುವ ಜಾಗಗಳು ಒಂದೊಂದಾಗಿ ಮುಳುಗುವುದನ್ನು ಕಂಡು, ನೀರು ಏರುತ್ತಿದೆ ಎಂದು ಊರಿಗೆಲ್ಲ ಸಾರಿದಳು. ಯಾರೂ ಕಿವಿಗೊಡಲಿಲ್ಲ. ಕೊಯ್ಲು ಮುಗಿದ ಮೇಲೆ ಒಂದು ಹುಣ್ಣಿಮೆಯ ಮಧ್ಯಾಹ್ನ, ಉಬ್ಬರ ತುಂಬಿ ಬರುವಾಗ, ಅವಳು ಹೋಗಿ ಕಟ್ಟೆಯ ಬಾಗಿಲನ್ನೇ ಎತ್ತಿಬಿಟ್ಟಳು ಎನ್ನುತ್ತಾರೆ.

ನೀರು ಅಂಗಳ ದಾಟಿ ಅಡುಗೆಮನೆಗೆ ನುಗ್ಗಿತು. ಅನ್ನದ ಗಡಿಗೆಗಳು ತೇಲಿದವು. ಊರೆಲ್ಲ ಹಿಡಿಶಾಪ ಹಾಕುತ್ತಿದ್ದರೆ ಹೊಮ್ಮಿ ಸುಣ್ಣದ ಬುಟ್ಟಿ ಹೊತ್ತು, ನೀರು ಬಂದು ನಿಂತ ಅಂಚಿನುದ್ದಕ್ಕೂ ಬಿಳಿಗೆರೆ ಎಳೆಯುತ್ತ ನಡೆದಳು. ಹದಿನೇಳು ಮನೆಗಳು ಗೆರೆಯ ಕೆಳಗಾದವು. ಊರಗೌಡ ಬೊಮ್ಮನದು ಕೆಳಗೆ, ಅವಳದೂ ಕೆಳಗೆ.

ಗೌಡ ಸಮಾಧಾನದಿಂದಲೇ ಹೇಳಿದನಂತೆ: “ಹೊಮ್ಮಿ, ಗೆರೆನ ಒಂಚೂರು ಕೆಳಗೆ ಸರ್ಸೇ. ನಿನ್ನ ಮನೆನೂ ಉಳೀತದೆ, ನಂದೂ ಉಳೀತದೆ.”

“ಗೆರೆ ಸರೀತದೆ ಗೌಡ್ರೇ. ನೀರು ಸರೀತದ್ಯಾ?”

ಮರುದಿನ ಬೆಳಗ್ಗೆ ಅವಳು ತನ್ನ ಮನೆಯ ಮಾಡು ಹತ್ತಿ ಹೊದಿಕೆಯ ಹುಲ್ಲು ಕೀಳತೊಡಗಿದಳು. ಹತ್ತು ವರ್ಷದ ದುಡಿಮೆಯನ್ನು ತಾನೇ ಕೆಡವುವವಳು ಸುಳ್ಳು ಹೇಳಿಯಾಳೇ? ಸಂಜೆಯೊಳಗೆ ಗೌಡನೂ ತನ್ನ ಮಾಡು ಹತ್ತಿದ. ಉಳಿದವರು ಗೊಣಗುತ್ತಲೇ ಹಿಂಬಾಲಿಸಿ, ಗೆರೆಯಿಂದ ಮೇಲಕ್ಕೆ ಹೋಗಿ ಮನೆ ಕಟ್ಟಿಕೊಂಡರು. ಎರಡನೆಯ ಮಳೆಗಾಲಕ್ಕೆ ಕಟ್ಟೆಗಳು ಒಡೆದು ಸುತ್ತಲಿನ ಊರುಗಳು ಕೊಚ್ಚಿಹೋದಾಗ ಇಲ್ಲಿ ಒಂದು ಕೋಳಿಯೂ ಸಾಯಲಿಲ್ಲ. ಆಮೇಲೆ ಗೌಡ ಸುಣ್ಣದ ಗೆರೆಯಿದ್ದ ಜಾಡಿನಲ್ಲೇ ಕಲ್ಲು ನೆಡಿಸಿದ. ಊರಿನ ಹಳೆಯ ಹೆಸರು ಈಗ ಯಾರಿಗೂ ನೆನಪಿಲ್ಲ.

ಹೋದ ವರ್ಷ ಸಮುದ್ರ ಏರುವ ಲೆಕ್ಕ ಹಿಡಿದು ನಕ್ಷೆ ಮಾಡುವವರು ಬಂದಿದ್ದರು. ಬೇರೆ ಊರುಗಳಲ್ಲಿ ಜಗಳವಾಯಿತಂತೆ. ಇಲ್ಲಿ ಚಹಾ ಕೊಟ್ಟು ಕೂರಿಸಿ, ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದೆವು. ಅವರು ನಕ್ಷೆಯಲ್ಲಿ ಕೆಂಪು ಬಣ್ಣ ಹಚ್ಚಿದ ಕಡೆ ಒಂಬತ್ತು ಮನೆಗಳಿದ್ದವು, ನನ್ನದೂ ಸೇರಿ. ಹೆಂಚು ಇಳಿಸುವಾಗ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಈಗ ಬಂದವರಿಗೆ ಇಲ್ಲಿ ಎರಡು ಸಾಲು ಕಾಣುತ್ತವೆ. ಪಾಚಿ ಹಿಡಿದ ಕೆಳಗಿನದು ಹೊಮ್ಮಿಯದು. ಮೇಲಿನದು ನಾವು ನೆಟ್ಟದ್ದು.