ಫೌಜದಾರರ ಖಾಕಿ ಪರದೆ

ನಮ್ಮ ಅಜ್ಜಿ ಹುಲಿಗೆಮ್ಮ, ಪೊಲೀಸ್ ಫೌಜದಾರ ಬಸಲಿಂಗಪ್ಪನವರ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದ ಕಾಲವದು. ಹಿತ್ತಲಿನ ಕೋಳಿಗಳೆಂದರೆ ಸಾಹೇಬರಿಗೆ ಬಲು ಪ್ರೀತಿ. ಆದರೆ ಕೋಳಿ ತತ್ತಿ ಇಟ್ಟು ಎದ್ದರೆ ಸಾಕು, ಬೇವಿನ ಮರದ ಕಾಗೆಗಳು ಇಳಿದು ಕುಕ್ಕಿ ಕುಡಿದು ಹೋಗುತ್ತಿದ್ದವು.

ಅಜ್ಜಿ ಎಷ್ಟು ಹೇಳಿದರೂ ಸಾಹೇಬರು ಅದನ್ನು ನಂಬಲಿಲ್ಲ; ತತ್ತಿ ಅವಳೇ ಒಯ್ಯುತ್ತಾಳೆಂದು ಅವರ ಅನುಮಾನ. "ಫೌಜದಾರನ ಹಿತ್ತಲಕ್ಕ ಬರೋ ಧೈರ್ಯ ಕಾಗಿಗೆ ಎಲ್ಲಿಂದ ಬಂತು? ನಾಳೆ ಒಂದು ತತ್ತಿ ಕಡಿಮಿ ಆದ್ರ ನಿನ್ನ ಕೆಲಸ ಹೋತು, ತಿಳಕೋ!"

ಆ ಕೆಲಸದಿಂದಲೇ ಅಜ್ಜಿಯ ಮನೆಯ ಒಲೆ ಉರಿಯಬೇಕಿತ್ತು. ಅವಳು ಮರದ ಪೆಟ್ಟಿಗೆಯೊಂದನ್ನು ಅಡ್ಡ ಮಲಗಿಸಿ ಹುಲ್ಲು ಹಾಸಿದಳು. ಸಾಹೇಬರ ಹಳೆಯ ಖಾಕಿ ಪ್ಯಾಂಟು ಹರಿದು, ಪಟ್ಟಿಗಳನ್ನು ಪೆಟ್ಟಿಗೆಯ ಬಾಯಿಗೆ ಇಳಿಬಿಟ್ಟಳು. ಕೋಳಿಗಳು ಪಟ್ಟಿ ಸರಿಸಿ ಒಳಹೊಕ್ಕು ನೆಮ್ಮದಿಯಾಗಿ ತತ್ತಿ ಇಟ್ಟವು. ಅಲುಗಾಡುವ ಪಟ್ಟಿ ಕಂಡು ಕಾಗೆಗಳು ಗೋಡೆಯ ಮೇಲೇ ಉಳಿದವು.

ಮರುದಿನ ಐದು ತತ್ತಿ ನೋಡಿ ಸಾಹೇಬರು ಹಿಗ್ಗಿದರು. ಆಮೇಲೆ ಪ್ಯಾಂಟಿನ ಗುರುತು ಹತ್ತಿತು. "ಯಾರು ಹರದಾರ ಇದನ್ನ?" ಎಂದು ಗುಡುಗಿದರು.

"ನಾನ ರೀ ಸಾಹೇಬ್ರ. ಮೊದಲ ನನ್ನ ಸೀರಿ ಹರದು ಕಟ್ಟಿ ನೋಡಿದೆ. ಕಾಗಿ ಕ್ಯಾರೆ ಅನ್ನಲಿಲ್ಲ. ಖಾಕಿ ಕಂಡ ಕೂಡಲೆ ದೂರ ಸರದು ನಿಂತವು ನೋಡ್ರಿ!"

ಸಾಹೇಬರು ಗೋಡೆಯ ಮೇಲಿನ ಕಾಗೆಗಳನ್ನು ನೋಡಿದರು. ಮೀಸೆ ತಿರುವಿದರು. ಒಳಗೆ ಹೋಗಿ ಇನ್ನೊಂದು ಹಳೆಯ ಪ್ಯಾಂಟನ್ನು ತಾವೇ ತಂದುಕೊಟ್ಟರು.

"ಸೀರಿ ಖರೇನ ಹರದಿದ್ದೇನು, ಅಜ್ಜಿ?" ಎಂದು, ಅಜ್ಜಿ ಈ ಕತೆ ಹೇಳಿದಾಗಲೆಲ್ಲ ನಾನು ಕೇಳುತ್ತಿದ್ದೆ.

"ನನಗ ಇದ್ದದ್ದ ಎರಡು ಸೀರಿ, ಮಗಾ. ಕಾಗಿ ಸಲುವಾಗಿ ಯಾರರ ಹರಕೋತಾರೇನು?" ಎಂದು ಅಜ್ಜಿ ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದಳು.