ಹುಲಿಗೆವ್ವನ ಚೂರಿ

ಮೇದಾರ ಓಣಿಯ ಒಂದೇ ಮನೆಯಲ್ಲಿ ಇಬ್ಬರು ವಾರಗಿತ್ತಿಯರಿದ್ದರು. ಹಿರಿಯವಳು ಹುಲಿಗೆವ್ವ, ಕಿರಿಯವಳು ದ್ಯಾಮವ್ವ. ಇಬ್ಬರೂ ಬಿದಿರು ಸೀಳಿ ಮೊರ, ಬುಟ್ಟಿ ಹೆಣೆಯುವವರು. ಕೂರುವ ಕಟ್ಟೆ ಒಂದೇ, ತರುವ ಬಿದಿರೂ ಒಂದೇ. ಬೇರೆ ಇದ್ದದ್ದು ಚೂರಿ ಮಾತ್ರ.

ಹುಲಿಗೆವ್ವನಿಗೆ ತನ್ನ ಚೂರಿಯೆಂದರೆ ಜೀವ. ಅಲಗನ್ನು ಕಮ್ಮಾರನಿಂದ ಮಾಡಿಸಿದ್ದಳು. ಜಾಲಿ ಮರದ ಹಿಡಿಕೆಯನ್ನು ಮಾತ್ರ ತಾನೇ ಗಾಜಿನ ಚೂರಿನಿಂದ ಹೆರೆದು, ಒಂದು ಮಗ್ಗುಲಿಗೆ ಉದ್ದ ಕುಳಿ ತೋಡಿ, ತಾಮ್ರದ ತಂತಿ ಸುತ್ತಿ, ಕುಸುಬಿ ಎಣ್ಣೆ ಉಜ್ಜಿ ಹದ ಮಾಡಿಕೊಂಡಿದ್ದಳು. ಅದರಿಂದ ಸೀಳಿದ ಬಿದಿರು ಕಾಗದದಷ್ಟು ತೆಳು. "ಹುಲಿಗೆವ್ವನ ಮೊರ ಇದ್ರ ಕೊಡ್ರಿ" ಎಂದೇ ಜನ ಕೇಳುತ್ತಿದ್ದರು. ಹಾಗೆ ಕೇಳಿದಾಗಲೆಲ್ಲ ದ್ಯಾಮವ್ವನಿಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಮದುವೆ ಮನೆಯವರು ಬಂದು ಬಾಗಿನಕ್ಕೆ ಇಪ್ಪತ್ತು ಜೊತೆ ಮೊರ ಬೇಕೆಂದು ಹುಲಿಗೆವ್ವನಿಗೆ ಹೇಳಿದರು. ಆಮೇಲೆ ದ್ಯಾಮವ್ವನ ಕಡೆ ತಿರುಗಿ, "ನೀನು ಎಂಜಲೆಲಿ ತುಂಬಾಕ ನಾಕು ಬುಟ್ಟಿ ಮಾಡವ್ವ" ಎಂದರು.

ಕೆಲಸವೆಲ್ಲ ಆ ಚೂರಿಯದು, ಹೆಸರು ಮಾತ್ರ ಅಕ್ಕನದು ಎಂದು ದ್ಯಾಮವ್ವ ಅಂದೇ ತೀರ್ಮಾನಿಸಿಬಿಟ್ಟಳು. ಹೊಟ್ಟೆಕಿಚ್ಚಿಗೆ ತೀರ್ಪು ಕೊಡಲು ಎಷ್ಟು ಹೊತ್ತು ಬೇಕು ಹೇಳಿ.

ಹುಲಿಗೆವ್ವ ನೀರಿಗೆ ಹೋದಾಗ ಆ ಹಿಡಿಕೆಯನ್ನು ಹಸಿ ಮಣ್ಣಿಗೆ ಒತ್ತಿ ಅಚ್ಚು ತೆಗೆದಳು. ಅದೇ ಕಮ್ಮಾರನಿಂದ ಅಂಥದೇ ಅಲಗು ಮಾಡಿಸಿ, ಎರಡನ್ನೂ ಬಡಿಗನ ಬಳಿ ಒಯ್ದಳು.

"ಕೈ ತೋರಸವ್ವ, ಅಳತಿ ನೋಡ್ತೀನಿ" ಎಂದ ಬಡಿಗ.

"ಕೈ ಯಾಕ? ಅಚ್ಚು ಐತಲ್ಲ. ಕುಳಿ ಸೈತ ಹಿಂಗ ಇರಬೇಕು."

ಚೂರಿ ಬಂತು. ಅಕ್ಕನದಕ್ಕಿಂತ ತನ್ನದು ಒಂದು ಕೈ ಮೇಲಿರಲೆಂದು ಹಿತ್ತಾಳೆ ಉಂಗುರವನ್ನೂ ಹಾಕಿಸಿದ್ದಳು. ಕಟ್ಟೆಗೆ ಬಂದು, "ಯಕ್ಕಾ, ಮೊರದಾಗ ಅರ್ಧ ನನಗ ಬಿಡು" ಎಂದಳು.

"ತಗೋ ತಂಗಿ, ನನಗೂ ಹಗುರಾತು" ಎಂದಳು ಹುಲಿಗೆವ್ವ.

ಮೊದಲನೆಯ ಬಿದಿರಿನಲ್ಲೇ ಗೆಣ್ಣು ಅಡ್ಡ ಬಂತು. ದ್ಯಾಮವ್ವ ಬಲ ಹಾಕಿ ಒತ್ತಿದಳು. ಹಿಡಿಕೆ ಮುಷ್ಟಿಯೊಳಗೇ ತಿರುಗಿ, ಅಲಗು ಎಡ ಅಂಗೈಗೆ ಇಳಿಯಿತು.

ಹುಲಿಗೆವ್ವ ಓಡಿ ಬಂದು ಅರಿಸಿನ ಮೆತ್ತಿ ಬಟ್ಟೆ ಕಟ್ಟಿದಳು. ಆಮೇಲೆ ಬಿದ್ದಿದ್ದ ಹೊಸ ಚೂರಿಯನ್ನು ಎತ್ತಿ ನೋಡಿದಳು. ಎಲ್ಲ ಅರ್ಥವಾಯಿತು. ಬಯ್ಯಲಿಲ್ಲ.

"ಈ ಕುಳಿ ನಿನಗ ಯಾಕ ಬೇಕಿತ್ತು? ಸಣ್ಣಾಕಿದ್ದಾಗ ಸಿಬಿರು ಹೊಕ್ಕು ಕೀವಾಗಿ, ನನ್ನ ಈ ಹೆಬ್ಬಟ್ಟು ಮಡಚಂಗಿಲ್ಲ. ಅದನ್ನ ಚಾಚಿ ಇಡಾಕ ಕುಳಿ ತೋಡೀನಿ. ಹೆಬ್ಬಟ್ಟು ಮಡಚಿ ಹಿಡಿಯೋ ನಿನ್ನ ಕೈಯಾಗ ಅದು ನಿಲ್ಲಂಗಿಲ್ಲ."

ಹತ್ತು ವರ್ಷ ಒಂದೇ ಕಟ್ಟೆಯಲ್ಲಿ ಕೂತರೂ ದ್ಯಾಮವ್ವ ನೋಡಿದ್ದು ಚೂರಿಯನ್ನು. ಅದನ್ನು ಹಿಡಿದ ಕೈಯನ್ನು ನೋಡಿದ್ದು ಅಂದೇ ಮೊದಲು.

ಬಾಗಿನದ ಮೊರಗಳನ್ನೆಲ್ಲ ಹುಲಿಗೆವ್ವ ಒಬ್ಬಳೇ ಹೆಣೆಯಬೇಕಾಯಿತು. ದ್ಯಾಮವ್ವ ಕಟ್ಟು ಹಾಕಿದ ಕೈ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಕೊನೆಗೆ ತಡೆಯಲಾರದೆ, "ನಿನ್ನ ಚೂರಿ ನೋಡಿ ನನಗ ಹೊಟ್ಟಿಕಿಚ್ಚಾಗಿತ್ತು ಯಕ್ಕಾ" ಎಂದು ಅತ್ತಳು.

ಹುಲಿಗೆವ್ವ ಹೆಣೆಯುವುದನ್ನು ನಿಲ್ಲಿಸಲಿಲ್ಲ. "ನನಗೂ ಆಗಿತ್ತು ತಂಗಿ," ಎಂದಳು. "ನಿನ್ನ ಹತ್ತೂ ಬೆರಳು ಹೇಳಿದಂಗ ಕೇಳ್ತಾವಲ್ಲ, ಅದನ್ನ ನೋಡಿ."

ನೀತಿ: ಇನ್ನೊಬ್ಬರ ಕೈಯಲ್ಲಿರುವುದನ್ನು ಕಂಡು ಕರುಬುವವರಿಗೆ ಆ ಕೈಯ ನೋವು ಕಾಣುವುದಿಲ್ಲ. ಒಬ್ಬರು ತಮ್ಮ ಕೊರತೆಗೆಂದು ಮಾಡಿಕೊಂಡದ್ದನ್ನು ನಾವು ನಕಲು ಮಾಡಿದರೆ ನಮಗೆ ಸಿಗುವುದು ಗಾಯ ಮಾತ್ರ.